ಕ್ರೆಸ್ಟೆಡ್ ಗೆಕ್ಕೊ ಪಾಲನೆ: ಖರೀದಿ ಬೆಲೆಯಲ್ಲಿ ಕಾಣದ ಲೆಕ್ಕ

ಕನ್ನಡಿಗರ ಮನೆಗಳಲ್ಲಿ ಹಲ್ಲಿಯು ಬಾಡಿಗೆ ಕೊಡದ ನಿವಾಸಿ. ಅದು ಲೊಚಗುಟ್ಟಿದರೆ ಶಕುನ. ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಫಲ ನೋಡುವ ವಾಡಿಕೆ. ಅಂತಹ ಪ್ರಾಣಿಯನ್ನು ಹಣ ಕೊಟ್ಟು ಕೊಂಡು, ಗಾಜಿನ ಗೂಡಿನಲ್ಲಿರಿಸಿ, ದಿನವೂ ನೀರು ಚಿಮುಕಿಸಿ ಸಾಕುವವರಿದ್ದಾರೆಂದರೆ ಹಲವರಿಗೆ ಸೋಜಿಗವೆನಿಸಬಹುದು. ಆದರೆ ಅಮೆರಿಕ, ಬ್ರಿಟನ್, ಜರ್ಮನಿ, ದಕ್ಷಿಣ ಕೊರಿಯಾ ಮೊದಲಾದ ದೇಶಗಳಲ್ಲಿ ಕ್ರೆಸ್ಟೆಡ್ ಗೆಕ್ಕೊ ಎಂಬ ಹಲ್ಲಿಯ ಸಾಕಣೆಯು ಇಂದು ನೆಲೆಯೂರಿದ ಒಂದು ವ್ಯಾಪಾರವಾಗಿದೆ. ಅದರ ಸುತ್ತ ಆಹಾರದ ಪುಡಿ, ಗಾಜಿನ ಗೂಡು, ದೀಪ, ಹಾಸು, ಪಶುವೈದ್ಯ ಸೇವೆ ಇವೆಲ್ಲ ಬೆಳೆದಿವೆ.

ಈ ವ್ಯಾಪಾರದಲ್ಲಿ ಕೊಳ್ಳುವವನೂ ಮಾರುವವನೂ ಸಾಮಾನ್ಯವಾಗಿ ನೋಡುವುದು ಒಂದೇ ಅಂಕಿಯನ್ನು, ಅಂದರೆ ಮರಿಯ ಬೆಲೆಯನ್ನು. ಸರಿಯಾಗಿ ಪಾಲಿಸಿದರೆ 15ರಿಂದ 20 ವರ್ಷ ಬದುಕುವ ಪ್ರಾಣಿಯ ವಿಷಯದಲ್ಲಿ ಈ ಅಂಕಿಯು ಒಟ್ಟು ಲೆಕ್ಕದ ಅತಿ ಸಣ್ಣ ಬಾಬ್ತು. ಉಳಿದ ಬಾಬ್ತುಗಳು ಯಾವುವು, ಅವುಗಳಲ್ಲಿ ಹಣದಿಂದ ತೀರುವುದೆಷ್ಟು, ಗಮನದಿಂದ ಮಾತ್ರ ತೀರುವುದೆಷ್ಟು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಿನ್ನೆಲೆ

ಈ ಹಲ್ಲಿಯ ತವರು ನ್ಯೂ ಕ್ಯಾಲೆಡೋನಿಯಾ. ಆಸ್ಟ್ರೇಲಿಯಾದ ಪೂರ್ವಕ್ಕೆ ಪೆಸಿಫಿಕ್ ಸಾಗರದಲ್ಲಿರುವ, ಫ್ರಾನ್ಸಿನ ಆಡಳಿತಕ್ಕೆ ಸೇರಿದ ಈ ದ್ವೀಪ ಸಮೂಹವು ವಾಣಿಜ್ಯ ವಲಯಕ್ಕೆ ನಿಕ್ಕಲ್ ಅದಿರಿನಿಂದಾಗಿ ಪರಿಚಿತ. ಇಲ್ಲಿನ ಮುಖ್ಯ ದ್ವೀಪವಾದ ಗ್ರ್ಯಾಂಡ್ ಟೆರ್‌ನ ದಕ್ಷಿಣ ಭಾಗದ ಕಾಡುಗಳಲ್ಲಿಯೂ ಐಲ್ ಆಫ್ ಪೈನ್ಸ್ ಹಾಗೂ ಅದರ ಸುತ್ತಣ ಕಿರುದ್ವೀಪಗಳಲ್ಲಿಯೂ ಕ್ರೆಸ್ಟೆಡ್ ಗೆಕ್ಕೊ ನೆಲೆಸಿದೆ. ಜಗತ್ತಿನ ಬೇರಾವ ಕಾಡಿನಲ್ಲಿಯೂ ಇದು ಸ್ವಾಭಾವಿಕವಾಗಿ ಇಲ್ಲ.

1866ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಆಲ್ಫೋನ್ಸ್ ಗಿಶನೊ ಇದನ್ನು ಮೊದಲ ಬಾರಿಗೆ ವರ್ಣಿಸಿ ಕೊರೆಲೋಫಸ್ ಸಿಲಿಯೇಟಸ್ ಎಂದು ಹೆಸರಿಟ್ಟನು. ಸಿಲಿಯೇಟಸ್ ಎಂದರೆ ರೆಪ್ಪೆಗೂದಲುಳ್ಳದ್ದು. ಕಣ್ಣಿನ ಮೇಲಿನಿಂದ ಹೊರಟು ತಲೆಯ ಎರಡೂ ಬದಿಗಳಲ್ಲಿ ಹಿಂದಕ್ಕೆ ಸಾಗುವ ಮೃದುವಾದ ಮುಳ್ಳುಗಳ ಸಾಲು ಈ ಹೆಸರಿಗೆ ಕಾರಣ. ಆನಂತರ ದೀರ್ಘಕಾಲ ಇದು ಯಾರ ಕಣ್ಣಿಗೂ ಬೀಳದೆ, ನಶಿಸಿಹೋಯಿತೆಂದೇ ಭಾವಿಸಲಾಗಿತ್ತು. 1994ರಲ್ಲಿ ಜರ್ಮನಿಯ ರಾಬರ್ಟ್ ಸೀಪ್ ನೇತೃತ್ವದ ತಂಡವೊಂದು ಚಂಡಮಾರುತದ ತರುವಾಯ ಇದನ್ನು ಮತ್ತೆ ಕಂಡುಹಿಡಿಯಿತು. ಕೆಲವು ಪ್ರಾಣಿಗಳನ್ನು ಯೂರೋಪ್ ಹಾಗೂ ಅಮೆರಿಕಕ್ಕೆ ಒಯ್ದು ಸಂತಾನೋತ್ಪತ್ತಿ ಮಾಡಿಸಲಾಯಿತು. ಅಲ್ಲಿಂದ ಮುಂದಿನ ಮೂವತ್ತು ವರ್ಷಗಳಲ್ಲಿ, ನಶಿಸಿತೆಂದು ಬಗೆದಿದ್ದ ಪ್ರಾಣಿಯೊಂದು ಜಗತ್ತಿನಲ್ಲಿ ಅತಿ ಹೆಚ್ಚಾಗಿ ಸಾಕಲ್ಪಡುವ ಹಲ್ಲಿಗಳ ಸಾಲಿಗೆ ಸೇರಿತು.

ಇಲ್ಲಿ ಗಮನಾರ್ಹವಾದ ಸಂಗತಿಯೊಂದಿದೆ. ಈಗ ನ್ಯೂ ಕ್ಯಾಲೆಡೋನಿಯಾದಿಂದ ಈ ಪ್ರಾಣಿಯ ವಾಣಿಜ್ಯ ರಫ್ತಿಗೆ ಅವಕಾಶವಿಲ್ಲ. ಮಾರುಕಟ್ಟೆಯಲ್ಲಿರುವುದೆಲ್ಲ ಆ ಆರಂಭದ ಕೆಲವೇ ಪ್ರಾಣಿಗಳ ಸಂತತಿ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಒಮ್ಮೆ ಹೂಡಿದ ಅಲ್ಪ ಬಂಡವಾಳದ ಮೇಲೆಯೇ ಇಡೀ ಉದ್ಯಮ ನಿಂತಿದೆ. ಹೊಸ ಬಂಡವಾಳದ ಒಳಹರಿವು ಇಲ್ಲ. ತವರಿನ ಕಾಡಿನಲ್ಲಿಯಾದರೋ ಹೊರಗಿನಿಂದ ಬಂದ ಇಲಿ, ಬೆಕ್ಕು ಹಾಗೂ ಪುಟ್ಟ ಬೆಂಕಿ ಇರುವೆ ಎಂಬ ಆಕ್ರಮಣಕಾರಿ ಇರುವೆಯಿಂದ ಇದಕ್ಕೆ ಅಪಾಯವಿದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ತನ್ನ ಕೆಂಪು ಪಟ್ಟಿಯಲ್ಲಿ ಇದನ್ನು ಅಪಾಯಕ್ಕೀಡಾಗಬಲ್ಲ ಪ್ರಭೇದಗಳ ವರ್ಗದಲ್ಲಿ ಇರಿಸಿದೆ.

ಪ್ರಾಣಿಯ ಪರಿಚಯ

ಬೆಳೆದ ಕ್ರೆಸ್ಟೆಡ್ ಗೆಕ್ಕೊ ಬಾಲವೂ ಸೇರಿ ಸುಮಾರು 20 ಸೆಂಟಿಮೀಟರ್ ಉದ್ದ, 35ರಿಂದ 55 ಗ್ರಾಂ ತೂಕ ಇರುತ್ತದೆ. ಹೆಸರಿನಲ್ಲಿ ರೆಪ್ಪೆ ಇದ್ದರೂ ಇದಕ್ಕೆ ಮುಚ್ಚಿ ತೆರೆಯುವ ಕಣ್ಣಿನ ರೆಪ್ಪೆಗಳಿಲ್ಲ. ಕಣ್ಣನ್ನು ನಾಲಗೆಯಿಂದ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ. ಹಗಲು ಎಲೆಗಳ ಮರೆಯಲ್ಲಿ ನಿದ್ರಿಸಿ, ಕತ್ತಲಾದ ಮೇಲೆ ಎಚ್ಚೆತ್ತು ಕೊಂಬೆಯಿಂದ ಕೊಂಬೆಗೆ ನೆಗೆಯುತ್ತದೆ. ಮಾಗಿದ ಹಣ್ಣು, ಹೂವಿನ ಮಕರಂದ, ಕೀಟ ಇವು ಕಾಡಿನಲ್ಲಿ ಇದರ ಆಹಾರ.

ಈ ಪ್ರಾಣಿಯು ಹೆಸರುವಾಸಿಯಾಗಲು ಎರಡು ಕಾರಣಗಳಿವೆ. ಒಂದು, ಇದರ ಆಹಾರವನ್ನು ಪುಡಿಯ ರೂಪದಲ್ಲಿ ಸಿದ್ಧಪಡಿಸಿ ಮಾರಲು ಸಾಧ್ಯವಾದದ್ದು. ಜೀವಂತ ಕೀಟಗಳನ್ನು ಮನೆಯಲ್ಲಿಡಲು ಒಪ್ಪದ ಗ್ರಾಹಕರೂ ಇದರಿಂದ ಸಾಕಣೆಗೆ ಮುಂದಾದರು. ಎರಡು, ಸಮಶೀತೋಷ್ಣ ದೇಶಗಳ ಮನೆಯೊಳಗಿನ ಸಾಮಾನ್ಯ ಉಷ್ಣತೆಯೇ ಇದಕ್ಕೆ ಹೊಂದಿಕೆಯಾದದ್ದು. ಆದಕಾರಣ "ಸುಲಭವಾಗಿ ಸಾಕಬಹುದಾದ ಪ್ರಾಣಿ" ಎಂಬ ಖ್ಯಾತಿ ಬಂದಿತು. ಈ ಖ್ಯಾತಿ ಸುಳ್ಳಲ್ಲ; ಆದರೆ ಅರ್ಧ ಸತ್ಯ. ಕ್ರಮ ತಪ್ಪದವನಿಗೆ ಇದು ಸುಲಭ, ಕ್ರಮ ತಪ್ಪುವವನಿಗೆ ಬಹು ಕಷ್ಟ. ಏಕೆಂದರೆ ಈ ಪ್ರಾಣಿ ಹಸಿವಾದರೆ ಕೂಗುವುದಿಲ್ಲ, ನೋವಾದರೆ ನರಳುವುದಿಲ್ಲ. ತೊಂದರೆ ಕಣ್ಣಿಗೆ ಕಾಣುವ ಹೊತ್ತಿಗೆ ಅನೇಕ ವೇಳೆ ಕಾಲ ಮೀರಿರುತ್ತದೆ.

ಬಂಡವಾಳ ವೆಚ್ಚ: ಗೂಡು ಮತ್ತು ಸಲಕರಣೆ

ಇದು ಮರವಾಸಿ ಪ್ರಾಣಿಯಾದುದರಿಂದ ಗೂಡಿನ ಅಗಲಕ್ಕಿಂತ ಎತ್ತರ ಮುಖ್ಯ. ಬೆಳೆದ ಒಂದು ಪ್ರಾಣಿಗೆ 45 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರದ, ಮುಂದಿನಿಂದ ಬಾಗಿಲು ತೆರೆಯುವ, ಮೇಲ್ಭಾಗದಲ್ಲಿ ಜಾಲರಿಯುಳ್ಳ ಗಾಜಿನ ಗೂಡು ಸಾಮಾನ್ಯವಾಗಿ ಸೂಚಿಸಲ್ಪಡುವ ಅಳತೆ. ಮರಿಗಳಿಗೆ ಮಾತ್ರ ಚಿಕ್ಕ ಗೂಡೇ ಲೇಸು. ದೊಡ್ಡ ಗೂಡಿನಲ್ಲಿ ಎರಡು ಗ್ರಾಂ ತೂಕದ ಮರಿಗೆ ಆಹಾರದ ಬಟ್ಟಲು ಸಿಗದೆ ಹೋಗುವ ಸಂಭವವಿದೆ. ಹೀಗಾಗಿ ಎರಡು ಹಂತಗಳಲ್ಲಿ ಎರಡು ಗೂಡುಗಳ ವೆಚ್ಚವನ್ನು ಮೊದಲೇ ಲೆಕ್ಕ ಹಿಡಿಯಬೇಕು.

ಗೂಡಿನೊಳಗೆ ಅಡ್ಡವಾಗಿಯೂ ಓರೆಯಾಗಿಯೂ ಕೊಂಬೆಗಳು, ಬಿದಿರಿನ ಕೊಳವೆ, ಕಾರ್ಕ್ ತೊಗಟೆ, ದಟ್ಟವಾದ ಎಲೆಗಳು ಇರಬೇಕು. ಇವು ಅಲಂಕಾರಕ್ಕಲ್ಲ. ಹಿಡಿದು ಮಲಗಲು ಕೊಂಬೆಯಿಲ್ಲದ ಗೆಕ್ಕೊ ಗಾಜಿನ ಮೇಲೆ ತಲೆಕೆಳಗಾಗಿ ನಿದ್ರಿಸುವುದನ್ನು ರೂಢಿಸಿಕೊಳ್ಳುತ್ತದೆ. ಆಗ ಬಾಲವು ಬೆನ್ನಿನ ಮೇಲೆ ಮಗುಚಿ ಬಿದ್ದು, ಕಾಲಾನುಕ್ರಮದಲ್ಲಿ ಸೊಂಟದ ಮೂಳೆಯೇ ಓರೆಯಾಗುವುದೆಂದು ಅನುಭವಿ ಸಾಕಣೆದಾರರು ಎಚ್ಚರಿಸುತ್ತಾರೆ.

ತಳಕ್ಕೆ ಹಾಸು ಬೇಕು. ಮರಿಗಳಿಗೆ ಕಾಗದದ ಟವಲು ಸಾಕು. ಆಹಾರದೊಂದಿಗೆ ಹಾಸಿನ ಕಣಗಳು ಹೊಟ್ಟೆ ಸೇರಿ ಕರುಳು ಕಟ್ಟಿಕೊಳ್ಳುವ ಭಯ ಆಗ ಇರುವುದಿಲ್ಲ. ಬೆಳೆದ ಪ್ರಾಣಿಗಳಿಗೆ ತೇವ ಹಿಡಿದಿಡುವ ತೆಂಗಿನ ನಾರಿನ ಪುಡಿ, ಅಂದರೆ ಕರ್ನಾಟಕದ ತೆಂಗು ಬೆಳೆಗಾರರಿಗೂ ರಫ್ತುದಾರರಿಗೂ ಚಿರಪರಿಚಿತವಾದ ಕೋಕೋಪೀಟ್, ವ್ಯಾಪಕವಾಗಿ ಬಳಕೆಯಲ್ಲಿದೆ. ಇವಲ್ಲದೆ ಉಷ್ಣತಾಮಾಪಕ, ತೇವಾಂಶಮಾಪಕ, ಗ್ರಾಂ ಲೆಕ್ಕದಲ್ಲಿ ತೂಗುವ ಸಣ್ಣ ತಕ್ಕಡಿ ಇವು ಅಗತ್ಯ ಸಲಕರಣೆಗಳು. ಮಳಿಗೆಗಳಲ್ಲಿ ಹೆಚ್ಚಾಗಿ ಮಾರಾಟವಾಗುವುದು ಅಲಂಕಾರದ ಸಾಮಗ್ರಿ. ಹೆಚ್ಚಾಗಿ ಬಿಟ್ಟುಹೋಗುವುದು ಈ ಮೂರು ಮಾಪಕಗಳು. ಅಳೆಯಲಾಗದ್ದನ್ನು ನಿಯಂತ್ರಿಸಲಾಗದು ಎಂಬ ವ್ಯವಹಾರ ಸೂತ್ರ ಇಲ್ಲಿಯೂ ಅನ್ವಯಿಸುತ್ತದೆ.

ಉಷ್ಣತೆ ಮತ್ತು ತೇವಾಂಶ

ಪಾಲನೆಯ ವಿಷಯದಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಉಷ್ಣತೆಯ ಬಗ್ಗೆ. ಸರೀಸೃಪವೆಂದರೆ ಬಿಸಿಲು ಬಯಸುವ ಪ್ರಾಣಿ ಎಂಬ ಸಾಮಾನ್ಯ ಭಾವನೆಯು ಕ್ರೆಸ್ಟೆಡ್ ಗೆಕ್ಕೊಗೆ ಮಾರಕ. ಹಗಲಿನಲ್ಲಿ 22ರಿಂದ 26 ಡಿಗ್ರಿ ಸೆಲ್ಸಿಯಸ್, ರಾತ್ರಿ ಅದಕ್ಕಿಂತ ಕೆಲವು ಡಿಗ್ರಿ ಕಡಿಮೆ ಇದಕ್ಕೆ ಹಿತಕರ. 28 ಡಿಗ್ರಿ ದಾಟಿದರೆ ಪ್ರಾಣಿಯು ಬಳಲತೊಡಗುತ್ತದೆ. 30 ಡಿಗ್ರಿಗೂ ಮೇಲಿನ ಬಿಸಿ ಗಂಟೆಗಟ್ಟಲೆ ಮುಂದುವರಿದರೆ ಪ್ರಾಣಕ್ಕೇ ಅಪಾಯ. ಕಿಟಕಿಯ ಬಳಿ ನೇರ ಬಿಸಿಲು ತಾಗುವಂತೆ ಗಾಜಿನ ಗೂಡನ್ನು ಇಡುವುದೆಂದರೆ ಅದನ್ನು ಒಲೆಯ ಮೇಲೆ ಇಟ್ಟಂತೆಯೇ ಸರಿ.

ಇದರ ಅರ್ಥವನ್ನು ಭಾರತದ ಹವಾಮಾನದಲ್ಲಿ ಇಟ್ಟು ನೋಡಿದರೆ ಲೆಕ್ಕದ ಸ್ವರೂಪವೇ ಬದಲಾಗುತ್ತದೆ. ಶೀತ ದೇಶದಲ್ಲಿ ಉಷ್ಣತೆಗಾಗಿ ಹೆಚ್ಚೇನೂ ವೆಚ್ಚವಿಲ್ಲದ ಈ ಪ್ರಾಣಿಗೆ, ಏಪ್ರಿಲ್-ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳಲ್ಲಿ ಮಾತ್ರವಲ್ಲ, 35 ಡಿಗ್ರಿ ಮುಟ್ಟುವ ಬೆಂಗಳೂರಿನಲ್ಲಿಯೂ ಹವಾನಿಯಂತ್ರಿತ ಕೊಠಡಿ ಬೇಕಾಗುತ್ತದೆ. ವಿದ್ಯುತ್ ಹೋದಾಗ ಅದನ್ನು ನಡೆಸುವ ಬದಲಿ ವ್ಯವಸ್ಥೆಯೂ ಬೇಕಾಗುತ್ತದೆ. ಹಲ್ಲಿಯ ಬೆಲೆಪಟ್ಟಿಯಲ್ಲಿ ಈ ವೆಚ್ಚವನ್ನು ಯಾರೂ ನಮೂದಿಸುವುದಿಲ್ಲ.

ತೇವಾಂಶದ ವಿಷಯದಲ್ಲಿ ಏರಿಳಿತವೇ ನಿಯಮ. ಸಂಜೆ ನೀರು ಚಿಮುಕಿಸಿದ ಕೂಡಲೇ ತೇವಾಂಶ ಶೇಕಡಾ 80ರ ಸುಮಾರಿಗೆ ಏರಬೇಕು. ಮುಂದಿನ ಸಿಂಪರಣೆಯ ಹೊತ್ತಿಗೆ ಶೇಕಡಾ 50ರ ಸುಮಾರಿಗೆ ಇಳಿದು ಗೂಡು ಒಣಗಬೇಕು. ಎಲೆಗಳ ಮೇಲೆ ನಿಂತ ಹನಿಗಳನ್ನು ನೆಕ್ಕಿ ಪ್ರಾಣಿಯು ದಾಹ ತೀರಿಸಿಕೊಳ್ಳುತ್ತದೆ. ಸದಾ ಒದ್ದೆಯಾಗಿದ್ದರೆ ಬೂಷ್ಟು ಹಾಗೂ ಚರ್ಮ, ಶ್ವಾಸಕೋಶಗಳ ಸೋಂಕು. ಸದಾ ಒಣಗಿದ್ದರೆ ಪೊರೆ ಬಿಡದಿರುವಿಕೆ. ಬೆರಳಿನ ತುದಿಯಲ್ಲಿ ಹಳೆಯ ಪೊರೆ ಉಳಿದು ಬಿಗಿದುಕೊಂಡರೆ ರಕ್ತ ಸಂಚಾರ ನಿಂತು ಬೆರಳೇ ಉದುರಿಹೋಗಬಹುದು. ಬೆರಳಿನ ಅಡಿಯ ಅಂಟುಪದರದ ಬಲದಿಂದಲೇ ಬದುಕುವ ಮರವಾಸಿಗೆ ಇದು ಸಣ್ಣ ನಷ್ಟವಲ್ಲ.

ಆಹಾರ

ಬೆಳೆದ ಪ್ರಾಣಿಗೆ ವಾರಕ್ಕೆ ಮೂರು ಬಾರಿ, ಮರಿಗಳಿಗೆ ದಿನವೂ ಆಹಾರ ಕೊಡಬೇಕು. ಸಂಪೂರ್ಣ ಪೋಷಕಾಂಶಗಳನ್ನು ಒಳಗೊಂಡ ಸಿದ್ಧ ಪುಡಿಗೆ ಸುಮಾರು ಎರಡು ಪಾಲು ನೀರು ಬೆರೆಸಿ ಗಂಜಿಯ ಹದಕ್ಕೆ ತಂದು, ಚಿಕ್ಕ ಬಟ್ಟಲಿನಲ್ಲಿ, ನೆಲದಿಂದ ಎತ್ತರದಲ್ಲಿ ಇಡುವುದು ಕ್ರಮ. ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನದೊಳಗೆ ಉಳಿದುದನ್ನು ತೆಗೆದು ಬಟ್ಟಲು ತೊಳೆಯಬೇಕು. ವಾರಕ್ಕೊಮ್ಮೆ ಸುಣ್ಣದ ಅಂಶದ ಪುಡಿ, ಅಂದರೆ ಕ್ಯಾಲ್ಸಿಯಂ ಪುಡಿ, ಹಚ್ಚಿದ ಜೀರುಂಡೆ ಮೊದಲಾದ ಕೀಟಗಳನ್ನು ಕೊಟ್ಟರೆ ಬೆಳವಣಿಗೆಗೆ ಅನುಕೂಲ. ಕೀಟದ ಗಾತ್ರ ಪ್ರಾಣಿಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರಬಾರದು. ತೋಟದಲ್ಲಿ ಹಿಡಿದ ಕೀಟಗಳಲ್ಲಿ ಕೀಟನಾಶಕದ ಶೇಷ ಇರಬಹುದಾದ್ದರಿಂದ ಅವು ವರ್ಜ್ಯ.

ಇಲ್ಲಿ ಮಿತವ್ಯಯದ ಹೆಸರಿನಲ್ಲಿ ನಡೆಯುವ ದೊಡ್ಡ ಪ್ರಮಾದವೆಂದರೆ ಬರೀ ಬಾಳೆಹಣ್ಣು ಕೊಡುವುದು. ಪ್ರಾಣಿ ಅದನ್ನು ಆಸೆಯಿಂದ ತಿನ್ನುತ್ತದೆ, ಸಾಕುವವನಿಗೆ ತೃಪ್ತಿಯಾಗುತ್ತದೆ. ಆದರೆ ಬಾಳೆಹಣ್ಣಿನಲ್ಲಿ ಕ್ಯಾಲ್ಸಿಯಂಗಿಂತ ರಂಜಕದ ಪ್ರಮಾಣ ಹಲವು ಪಟ್ಟು ಹೆಚ್ಚು. ಆಹಾರದಲ್ಲಿ ಕ್ಯಾಲ್ಸಿಯಂ ಸಾಲದೆ ಹೋದಾಗ ಶರೀರವು ತನ್ನ ಮೂಳೆಯಲ್ಲಿರುವ ಕ್ಯಾಲ್ಸಿಯಂ ಅನ್ನೇ ಕರಗಿಸಿ ರಕ್ತಕ್ಕೆ ಒದಗಿಸುತ್ತದೆ. ಆದಾಯ ಸಾಲದ ಸಂಸ್ಥೆಯು ಅಸಲು ಬಂಡವಾಳವನ್ನೇ ತಿಂದು ದಿನ ದೂಡುವಂತಹ ಸ್ಥಿತಿ ಇದು. ಹೊರನೋಟಕ್ಕೆ ತಿಂಗಳುಗಟ್ಟಲೆ ಎಲ್ಲವೂ ಸರಿಯಾಗಿರುವಂತೆಯೇ ಕಾಣುತ್ತದೆ. ಮುಂದೆ ದವಡೆ ಮೆತ್ತಗಾಗುತ್ತದೆ, ಬೆನ್ನು ಡೊಂಕಾಗುತ್ತದೆ, ಕಾಲು ಬಾಗುತ್ತದೆ, ಪ್ರಾಣಿ ಗಾಜನ್ನು ಹಿಡಿಯಲಾರದೆ ಬೀಳುತ್ತದೆ. ಮೂಳೆಯ ಈ ರೋಗವನ್ನು ಆರಂಭದಲ್ಲಿ ತಡೆಯಬಹುದು. ಡೊಂಕಾದ ಬೆನ್ನನ್ನು ಮತ್ತೆ ನೇರಗೊಳಿಸಲಾಗದು.

ದೀಪ: ಕಣ್ಣಿಗೆ ಕಾಣದ ಸವಕಳಿ

ಕ್ಯಾಲ್ಸಿಯಂ ದೇಹಗತವಾಗಲು ಡಿ3 ಜೀವಸತ್ವ ಬೇಕು. ಇದು ಸಿದ್ಧ ಪುಡಿಯಲ್ಲಿಯೂ ಇರುತ್ತದೆ. ಅಲ್ಪ ತೀವ್ರತೆಯ ನೇರಳಾತೀತ ದೀಪವಿದ್ದರೆ ಪ್ರಾಣಿಯ ಚರ್ಮದಲ್ಲಿಯೂ ಉತ್ಪತ್ತಿಯಾಗುತ್ತದೆ. ನಿಶಾಚರಿಗೆ ದೀಪವೇಕೆ ಎಂಬ ವಾದ ಹಿಂದೆ ಇದ್ದಿತು. ಹಗಲು ಎಲೆಗಳ ನಡುವೆ ಮಲಗಿದಾಗಲೂ ಅಲ್ಪ ಪ್ರಮಾಣದ ಕಿರಣಗಳು ಮೈಗೆ ತಾಗುವುದು ಹಿತಕರವೆಂಬುದೇ ಈಗಿನ ಹೆಚ್ಚಿನ ಪಶುವೈದ್ಯರ ಅಭಿಪ್ರಾಯ. ದಿನಕ್ಕೆ ಸುಮಾರು 12 ಗಂಟೆ ಬೆಳಕು, 12 ಗಂಟೆ ಕತ್ತಲೆ ಇರಬೇಕು.

ದೀಪದ ವಿಷಯದಲ್ಲಿ ನೆನಪಿಡಬೇಕಾದ ಅಂಶವೊಂದಿದೆ. ನೇರಳಾತೀತ ದೀಪವು ಬೆಳಗುತ್ತಿರುವಾಗಲೇ ಅದರ ಉಪಯುಕ್ತ ಕಿರಣಗಳು ಕ್ಷೀಣಿಸಿರುತ್ತವೆ. ಆದ್ದರಿಂದ ತಯಾರಕರು ಸೂಚಿಸಿದಂತೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಬದಲಿಸಬೇಕು. ಉರಿಯುತ್ತಿರುವ ದೀಪವನ್ನು ಬದಲಿಸುವುದು ದುಂದುವೆಚ್ಚವೆಂದು ತೋರಬಹುದು. ಆದರೆ ಕಣ್ಣಿಗೆ ಕಾಣದಿದ್ದ ಮಾತ್ರಕ್ಕೆ ಸವಕಳಿ ಇಲ್ಲವೆಂದಲ್ಲ.

ಮುಟ್ಟುವುದು, ಬಾಲ, ಒಡನಾಟ

ಹೊಸದಾಗಿ ತಂದ ಪ್ರಾಣಿಯನ್ನು ಎರಡು ವಾರ ಮುಟ್ಟದೆ ಬಿಡುವುದು ಲೇಸು. ಆನಂತರ ದಿನಕ್ಕೆ ಕೆಲವೇ ನಿಮಿಷ, ನೆಲಕ್ಕೆ ಹತ್ತಿರ ಕುಳಿತು, ಅಂಗೈಯಿಂದ ಅಂಗೈಗೆ ನಡೆಸಬಹುದು. ಹೆದರಿದರೆ ಇದು ಬಾಲವನ್ನು ಕಳಚಿಬಿಡುತ್ತದೆ. ಮನೆಯ ಗೋಡೆಯ ಹಲ್ಲಿಗೆ ಕಳಚಿದ ಬಾಲ ಮತ್ತೆ ಬೆಳೆಯುತ್ತದೆ. ಕ್ರೆಸ್ಟೆಡ್ ಗೆಕ್ಕೊಗೆ ಬೆಳೆಯುವುದಿಲ್ಲ. ಕಾಡಿನಲ್ಲಿ ಬೆಳೆದ ಪ್ರಾಣಿಗಳಲ್ಲಿ ಬಾಲವಿಲ್ಲದವೇ ಹೆಚ್ಚು. ಅದರಿಂದ ಅವುಗಳ ಬದುಕಿಗೆ ಬಾಧಕವಿಲ್ಲ. ಬಾಲವಿಲ್ಲದ್ದರ ಬೆಲೆ ಕುಸಿಯುವುದು ಅಂಗಡಿಯಲ್ಲಿ ಮಾತ್ರ.

ಗಂಡುಗಳೆರಡನ್ನು ಒಂದೇ ಗೂಡಿನಲ್ಲಿ ಇಡಲಾಗದು, ಅವು ಕಾದಾಡುತ್ತವೆ. ಹೆಣ್ಣುಗಳೂ ಕಚ್ಚಾಡುವುದುಂಟು. ಒಂದು ಗೂಡಿಗೆ ಒಂದೇ ಪ್ರಾಣಿ ಎಂಬುದು ಕ್ಷೇಮಕರವಾದ ನಿಯಮ. ಸರೀಸೃಪಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದಾದುದರಿಂದ, ಪ್ರಾಣಿಯನ್ನಾಗಲಿ ಗೂಡನ್ನಾಗಲಿ ಮುಟ್ಟಿದ ಕೂಡಲೇ ಸಾಬೂನಿನಿಂದ ಕೈ ತೊಳೆಯಬೇಕು. ಅಡುಗೆಮನೆಯಲ್ಲಿ ಬಟ್ಟಲು ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳೂ ರೋಗನಿರೋಧಕ ಶಕ್ತಿ ಕುಂದಿದವರೂ ಇರುವ ಮನೆಗೆ ಸರೀಸೃಪ ತರವಲ್ಲವೆಂಬುದು ಆರೋಗ್ಯ ಸಂಸ್ಥೆಗಳ ಸಲಹೆ.

ದಿನಚರಿ ಪುಸ್ತಕ

ಮೌನ ಪ್ರಾಣಿಯ ಪರವಾಗಿ ಮಾತನಾಡಬಲ್ಲದ್ದು ಅದರ ದಾಖಲೆ ಮಾತ್ರ. ಒಂದು ಸಾಧಾರಣ ಪುಸ್ತಕದಲ್ಲಿ ದಿನಾಂಕ, ಇಟ್ಟ ಆಹಾರ, ತಿಂದದ್ದು, ಮಲ ವಿಸರ್ಜನೆ, ಪೊರೆ ಬಿಟ್ಟ ದಿನ, ಗರಿಷ್ಠ ಉಷ್ಣತೆ ಇವನ್ನು ಬರೆದು, ತಿಂಗಳಿಗೊಮ್ಮೆ ತೂಗಿ ತೂಕ ನಮೂದಿಸಬೇಕು. 45 ಗ್ರಾಂ ತೂಕದ ಪ್ರಾಣಿಯು 40 ಗ್ರಾಂಗೆ ಇಳಿದಿರುವುದು ಕಣ್ಣಿಗೆ ಗೋಚರವಾಗದು, ತಕ್ಕಡಿಗೆ ಗೋಚರವಾಗುತ್ತದೆ. ಹತ್ತರಲ್ಲಿ ಒಂದು ಪಾಲು ತೂಕ ಕಳೆದುಕೊಂಡರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರನ್ನು ಕಾಣುವುದಕ್ಕೆ ಅದೇ ಸಾಕಷ್ಟು ಕಾರಣ. ಅಂತಹ ವೈದ್ಯರು ಎಲ್ಲ ಊರುಗಳಲ್ಲಿ ಇರುವುದಿಲ್ಲ. ಖರೀದಿಗೆ ಮುನ್ನವೇ ವೈದ್ಯರು ಎಲ್ಲಿದ್ದಾರೆಂದು ವಿಚಾರಿಸಿ, ಪ್ರಾಣಿಯ ಬೆಲೆಗೆ ಸಮನಾದ ಮೊತ್ತವನ್ನಾದರೂ ಚಿಕಿತ್ಸೆಗೆಂದು ತೆಗೆದಿಡುವುದು ವಿವೇಕ.

ಹದಿನೈದು ವರ್ಷಗಳ ತಖ್ತೆ

ಒಂದು ಪ್ರಾಣಿಯು ಬೆಳೆದ ಮೇಲೆ ಹದಿನೈದು ವರ್ಷ ಬದುಕಿತೆಂದು ಭಾವಿಸಿ ಲೆಕ್ಕ ಹಾಕಿದರೆ ಹೊಣೆಯ ಪ್ರಮಾಣ ಹೀಗಿದೆ:

1. ಆಹಾರ: ವಾರಕ್ಕೆ 3ರಂತೆ ವರ್ಷಕ್ಕೆ 156 ಬಾರಿ, ಒಟ್ಟು 2,340 ಬಾರಿ.
2. ನೀರಿನ ಸಿಂಪರಣೆ: ದಿನಕ್ಕೆ ಒಂದರಂತೆ 5,475 ಬಾರಿ, ಎರಡರಂತೆ 10,950 ಬಾರಿ.
3. ದೀಪ ಬದಲಾವಣೆ: ವರ್ಷಕ್ಕೆ ಒಂದರಂತೆ 15.
4. ತೂಕ ನೋಡುವಿಕೆ: ತಿಂಗಳಿಗೆ ಒಂದರಂತೆ 180 ಬಾರಿ.

ಈ ನಾಲ್ಕರಲ್ಲಿ ಪುಡಿಗೂ ದೀಪಕ್ಕೂ ತಗಲುವ ಹಣ ಸಾಮಾನ್ಯ ಕುಟುಂಬಕ್ಕೆ ಭಾರವಲ್ಲ. ಭಾರವಾಗುವುದು ಬಾರಿಗಳ ಸಂಖ್ಯೆ. ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಕೊಡಿಸಿದ ಪ್ರಾಣಿಯು, ಆತ ಪದವಿ ಮುಗಿಸಿ, ಕೆಲಸಕ್ಕೆ ಸೇರಿ, ಬೇರೊಂದು ಊರಿಗೆ ಹೋಗಿ, ಮದುವೆಯಾದ ಮೇಲೂ ಬದುಕಿರುತ್ತದೆ. ಆ ವರ್ಷಗಳಲ್ಲಿ ಸಿಂಪರಣೆ ಮಾಡುವವರು ಯಾರು? ಮನೆಮಂದಿ ಊರಿಗೆ ಹೋದಾಗ ಬಟ್ಟಲು ಬದಲಿಸುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಬೆಲೆ ಕೇಳುವುದು ಯುಕ್ತ. ಅಢಾವೆ ಪತ್ರಿಕೆಯಲ್ಲಿ ಇಂತಹ ಖರೀದಿಯು ಆಸ್ತಿಯ ಬದಿಯಲ್ಲಿ ಕಾಣಿಸಿದರೂ, ವಾಸ್ತವದಲ್ಲಿ ಅದು ಸೇರಬೇಕಾದದ್ದು ಹೊಣೆಯ ಬದಿಗೆ.

ಸಂತಾನೋತ್ಪತ್ತಿ ಆದಾಯವೇ?

ಒಂದು ಜೋಡಿಯನ್ನು ಕೊಂಡರೆ ಮರಿಗಳನ್ನು ಮಾರಿ ಬಂಡವಾಳ ಹಿಂಪಡೆಯಬಹುದೆಂಬ ಆಸೆ ಈ ವ್ಯಾಪಾರದಲ್ಲಿ ಬಹಳ. ಹೆಣ್ಣು ನಾಲ್ಕರಿಂದ ಆರು ವಾರಗಳಿಗೊಮ್ಮೆ ಎರಡು ಮೊಟ್ಟೆ ಇಡುತ್ತದೆ. ವರ್ಷಕ್ಕೆ ಎಂಟು ಬಾರಿ ಇಟ್ಟರೆ 16 ಮೊಟ್ಟೆ. ಮೊಟ್ಟೆಯೊಡೆಯಲು 60ರಿಂದ 120 ದಿನ ಬೇಕು. ಹನ್ನೆರಡು ಮರಿ ಉಳಿದವೆಂದರೆ ಹನ್ನೆರಡು ಪೆಟ್ಟಿಗೆ; ದಿನವೂ ಆಹಾರ; ಆರು ತಿಂಗಳಿಗೆ ಸುಮಾರು 2,160 ಬಟ್ಟಲು. ಸಾಕುವವನ ಶ್ರಮಕ್ಕೆ ಕೂಲಿ ಕಟ್ಟಿದರೆ ಲಾಭದ ಅಂಕಿ ಬೇಗನೆ ಕರಗುತ್ತದೆ. ಪ್ರತಿ ಮೊಟ್ಟೆಯ ಚಿಪ್ಪಿಗೂ ತಾಯಿಯ ಶರೀರದಿಂದಲೇ ಕ್ಯಾಲ್ಸಿಯಂ ಹೋಗುತ್ತದೆ ಎಂಬುದನ್ನೂ ಮರೆಯಬಾರದು. ಹೆಣ್ಣು ಒಂದೂವರೆ ವರ್ಷ ತುಂಬಿ, 35 ಗ್ರಾಂ ಮೀರುವ ಮುನ್ನ ಗಂಡಿನೊಡನೆ ಬಿಡುವುದು ಅದನ್ನು ಕೊಂದಂತೆಯೇ.

ಬಣ್ಣದ ತಳಿಗಳ ಬೆಲೆ ಸಾಮಾನ್ಯ ತಳಿಗಿಂತ ಹಲವು ಪಟ್ಟು. ಅವುಗಳಲ್ಲಿ ಲಿಲ್ಲಿ ವೈಟ್ ಎಂಬುದು ಹೆಸರಾಂತ ತಳಿ. ಇದರ ಗಂಡು-ಹೆಣ್ಣು ಎರಡೂ ಲಿಲ್ಲಿ ವೈಟ್ ಆಗಿದ್ದರೆ, ವಂಶವಾಹಿ ನಿಯಮದಂತೆ ಸರಾಸರಿ ನಾಲ್ಕರಲ್ಲಿ ಒಂದು ಸಂತಾನ ಬದುಕುಳಿಯದು. ಅರಿತ ಸಾಕಣೆದಾರರು ಅಂತಹ ಜೋಡಿಯನ್ನು ಕೂಡಿಸುವುದಿಲ್ಲ. ಅಧಿಕ ಬೆಲೆಯ ಮಾಲು ಅಧಿಕ ತಿಳಿವಳಿಕೆಯನ್ನೂ ಬೇಡುತ್ತದೆ.

ಕರ್ನಾಟಕದ ವರ್ತಕರು ಗಮನಿಸಬೇಕಾದದ್ದು

ಭಾರತದಲ್ಲಿ ವಿದೇಶಿ ಪ್ರಾಣಿಗಳ ವ್ಯಾಪಾರ ಹಿಂದಿನಂತೆ ಲಂಗುಲಗಾಮಿಲ್ಲದ ಕ್ಷೇತ್ರವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಮಾಡಿದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಅನುಬಂಧಗಳಲ್ಲಿರುವ ಪ್ರಭೇದಗಳನ್ನು ಇದರ ನಾಲ್ಕನೆಯ ಅನುಸೂಚಿಗೆ ಸೇರಿಸಲಾಗಿದೆ. ಅಂತಹ ಜೀವಂತ ಪ್ರಾಣಿಗಳನ್ನು ಹೊಂದಿರುವವರು ವರದಿ ಮಾಡಿ ನೋಂದಣಿ ಮಾಡಿಸಿಕೊಳ್ಳಬೇಕೆಂಬ ನಿಯಮಗಳು 2024ರ ಫೆಬ್ರವರಿಯಲ್ಲಿ ಪ್ರಕಟವಾದವು. ಅರ್ಜಿ ಸಲ್ಲಿಕೆಗೆ ಪರಿವೇಶ್ ಜಾಲತಾಣವಿದೆ. ಯಾವ ಪ್ರಭೇದ ಅನುಬಂಧದಲ್ಲಿದೆ ಎಂಬುದು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ, ವ್ಯವಹಾರದ ದಿನದಂದು ಇರುವ ಪಟ್ಟಿಯನ್ನು ನೋಡಬೇಕೇ ಹೊರತು ಮಾರುವವನ ಮಾತನ್ನಲ್ಲ. ಅನುಬಂಧದಲ್ಲಿ ಇಲ್ಲದ ಪ್ರಾಣಿಯಾದರೂ ಆಮದು ನೀತಿ, ಸುಂಕ ಹಾಗೂ ಪ್ರಾಣಿ ಆರೋಗ್ಯದ ನಿಬಂಧನೆಗಳಿಂದ ಹೊರತಲ್ಲ.

ಈ ನಿಬಂಧನೆಗಳನ್ನು ತಪ್ಪಿಸುವ ಮಾರ್ಗ ಎಂತಹದೆಂಬುದಕ್ಕೆ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೇ ಸಾಕ್ಷಿ. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನ ಪೆಟ್ಟಿಗೆಯಲ್ಲಿ ಹೆಬ್ಬಾವು, ಊಸರವಳ್ಳಿ, ಇಗ್ವಾನ, ಆಮೆ ಸೇರಿ 234 ಪ್ರಾಣಿಗಳು ಸುಂಕ ಅಧಿಕಾರಿಗಳಿಗೆ ಸಿಕ್ಕವು. ಅದರಲ್ಲಿದ್ದ ಕಾಂಗರೂ ಮರಿ ಸತ್ತಿತ್ತು. 2024ರ ಏಪ್ರಿಲ್‌ನಲ್ಲಿ ಹತ್ತು ಹಳದಿ ಅನಕೊಂಡಾಗಳು ಹೀಗೆಯೇ ಪತ್ತೆಯಾದವು. ಪೆಟ್ಟಿಗೆಯಲ್ಲಿ ಉಸಿರುಗಟ್ಟಿ ಬಂದ ಪ್ರಾಣಿಯ ಬೆಲೆ ಅಗ್ಗವಾಗಿ ಕಂಡರೆ, ಉಳಿದ ಬೆಲೆಯನ್ನು ಬೇರೆ ಪ್ರಾಣಿಗಳು ತೆತ್ತಿವೆಯೆಂದು ತಿಳಿಯಬೇಕು. ಆಮದಿನ ದಾಖಲೆ ಹಾಗೂ ರಸೀದಿ ಇಲ್ಲದ ಮಾಲನ್ನು ದಾಸ್ತಾನಿನಲ್ಲಿ ಇಟ್ಟುಕೊಂಡ ಅಂಗಡಿಯವನು ತನ್ನ ಇಡೀ ವ್ಯಾಪಾರವನ್ನೇ ಪಣಕ್ಕೊಡ್ಡುತ್ತಾನೆ.

ಈ ಉದ್ಯಮದಲ್ಲಿ ಕರ್ನಾಟಕಕ್ಕೆ ನ್ಯಾಯವಾದ ಪಾಲು ಇಲ್ಲದಿಲ್ಲ. ಮೇಲೆ ಹೇಳಿದ ಕೋಕೋಪೀಟ್‌ಗೆ ಹೊರದೇಶಗಳ ಸಾಕುಪ್ರಾಣಿ ಮಾರುಕಟ್ಟೆಯಲ್ಲಿ ಬೇಡಿಕೆಯಿದೆ. ಗೂಡಿನ ಹಾಸಿಗೆ ಉಪ್ಪಿನಂಶ ತೊಳೆದ, ಧೂಳಿಲ್ಲದ, ರಾಸಾಯನಿಕ ಬೆರೆಸದ ಪುಡಿ ಬೇಕು. ತುಮಕೂರು, ಹಾಸನ ಜಿಲ್ಲೆಗಳಂತಹ ತೆಂಗಿನ ಸೀಮೆಯ ಉದ್ಯಮಿಗಳಿಗೆ ಹಲ್ಲಿಯನ್ನು ತರಿಸುವುದಕ್ಕಿಂತ ಹಲ್ಲಿಯ ಹಾಸನ್ನು ಕಳುಹಿಸುವುದು ಹೆಚ್ಚು ಭದ್ರವಾದ ವ್ಯವಹಾರವೆಂಬುದರಲ್ಲಿ ಸಂದೇಹವಿಲ್ಲ.

ಮಾರುವವರ ಕರ್ತವ್ಯ

ಯಾವ ದೇಶದಲ್ಲಿಯೇ ಆಗಲಿ, ಜೀವಂತ ಪ್ರಾಣಿಯ ಮಾರಾಟವು ಬಿಲ್ಲು ಕೊಟ್ಟ ಕೂಡಲೇ ಮುಗಿಯುವುದಿಲ್ಲ. ಉತ್ತಮ ಮಾರಾಟಗಾರರು ಪ್ರಾಣಿಯೊಡನೆ ಈ ಕೆಳಕಂಡ ವಿವರಗಳನ್ನು ಬರಹದಲ್ಲಿ ಕೊಡುತ್ತಾರೆ:

1. ಮೊಟ್ಟೆಯೊಡೆದ ದಿನಾಂಕ, ಮಾರಾಟದ ದಿನದ ತೂಕ, ತಂದೆ-ತಾಯಿಗಳ ತಳಿ.
2. ಈವರೆಗೆ ತಿನ್ನುತ್ತಿದ್ದ ಆಹಾರದ ಹೆಸರು ಹಾಗೂ ಪ್ರಮಾಣ.
3. ಅಗತ್ಯ ಉಷ್ಣತೆ, ತೇವಾಂಶಗಳ ಮಿತಿ.
4. ನಿರೀಕ್ಷಿತ ಆಯುಷ್ಯ.
5. ಸಾಕಲಾಗದೆ ಹೋದರೆ ಹಿಂದಕ್ಕೆ ಪಡೆಯುವ ಷರತ್ತು.

ನಾಲ್ಕನೆಯ ಹಾಗೂ ಐದನೆಯ ಅಂಶಗಳನ್ನು ಹೇಳಿದರೆ ಗಿರಾಕಿ ಹಿಂದೆ ಸರಿಯುವನೆಂಬ ಭಯ ಸಹಜ. ಹಾಗೆ ಸರಿಯುವವನು ಸರಿಯುವುದೇ ಒಳಿತು. ಆರು ತಿಂಗಳಲ್ಲಿ ಪ್ರಾಣಿಯನ್ನು ಕಳೆದುಕೊಂಡ ಗಿರಾಕಿಯು ಮತ್ತೆ ಆ ಅಂಗಡಿಗೆ ಬಾರನು. ಹದಿನೈದು ವರ್ಷ ಸಾಕುವವನು ಅಷ್ಟು ಕಾಲವೂ ಪುಡಿಗೆ, ದೀಪಕ್ಕೆ, ಹಾಸಿಗೆ ಅದೇ ಅಂಗಡಿಗೆ ಬರುತ್ತಾನೆ. ಪ್ರಾಣಿಯ ಹಿತವೂ ವ್ಯಾಪಾರದ ಹಿತವೂ ಇಲ್ಲಿ ಬೇರೆ ಬೇರೆಯಲ್ಲ.

ನಶಿಸಿತೆಂದು ಜಗತ್ತು ಕೈಬಿಟ್ಟಿದ್ದ ಪ್ರಾಣಿಯೊಂದು ಇಂದು ಸಾವಿರಾರು ಮನೆಗಳಲ್ಲಿ ಬದುಕಿದೆ. ಆದರೆ ಪ್ರತಿ ಮನೆಯಲ್ಲಿಯೂ ಅದರ ಉಳಿವು ಒಬ್ಬ ವ್ಯಕ್ತಿಯ ನಿತ್ಯದ ಹತ್ತು ನಿಮಿಷಗಳನ್ನು ಅವಲಂಬಿಸಿದೆ. ಆ ಹತ್ತು ನಿಮಿಷಗಳನ್ನು ಹದಿನೈದು ವರ್ಷ ಕೊಡಬಲ್ಲೆನೆಂಬ ಖಾತರಿ ಇರುವವರು ಕೊಳ್ಳಲಿ. ಇಲ್ಲದವರಿಗೆ ಗೋಡೆಯ ಮೇಲಿನ ಹಲ್ಲಿ ಇದ್ದೇ ಇದೆ.